ಗದಗಿನ ಗಾಳಿ, ಹುಬ್ಬಳ್ಳಿಯ ಬಿಲ್ಲು: ಕರೆಂಟಿನ ಬೆಲೆ ಹೊತ್ತಿಗೊಂದು ಯಾಕೆ?

ಗದಗಿನಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ, ಅದರ ನೆತ್ತಿಯ ಮೇಲೆ ಗಾಳಿ ಫ್ಯಾನುಗಳು. ನರಗುಂದ, ರೋಣ, ಗಜೇಂದ್ರಗಡದ ಕಡೆ ಎರೆಹೊಲಗಳ ನಡುವೆ ನಿಂತಿರುವ ಹೊಸ ಫ್ಯಾನುಗಳು ಇನ್ನೂ ಎತ್ತರ. ಈ ಭಾಗದ ಕಟ್ಟೆ, ಚಹಾದಂಗಡಿಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಕರೆಂಟ್ ತಯಾರಾಗೋದು ನಮ್ಮ ಹೊಲದಾಗ. ಗಾಳಿಗೆ ರೊಕ್ಕ ಕೊಡಬೇಕಿಲ್ಲ. ಮತ್ತೆ ನಮಗ್ಯಾಕೆ ಅಗ್ಗ ಇಲ್ಲ?’

ಪ್ರಶ್ನೆ ಬಹಳ ಸರಿಯಾಗಿದೆ. 2017ರ ಫೆಬ್ರುವರಿಯಲ್ಲಿ ದೇಶದ ಮೊದಲ ಗಾಳಿ ವಿದ್ಯುತ್ ಹರಾಜು ನಡೆದಾಗ ಒಂದು ಯೂನಿಟ್‌ಗೆ 3.46 ರೂಪಾಯಿ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 2.43ಕ್ಕೆ ಇಳಿಯಿತು. ಸೋಲಾರ್ 2020ರ ಕೊನೆಯಲ್ಲಿ 1.99 ರೂಪಾಯಿ ಮುಟ್ಟಿತು. ಇತ್ತ ನಮ್ಮ ಮನೆ ಬಿಲ್ಲು ನೋಡಿ. 2025–26ರ ದರಪಟ್ಟಿಯಲ್ಲಿ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 36 ಪೈಸೆ. ಒಂದು ಯೂನಿಟ್ ಉರಿಸದಿದ್ದರೂ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಎರಡು ರೂಪಾಯಿ ಚಿಲ್ಲರೆಗೆ ಹುಟ್ಟುವ ಯೂನಿಟ್ ನಮ್ಮ ಮೀಟರಿಗೆ ಬರುವಷ್ಟರಲ್ಲಿ ಆರು ರೂಪಾಯಿ ದಾಟುತ್ತದೆ ಅಂದರೆ ನಡುವೆ ಏನೋ ನಡೆದಿದೆ, ಅಲ್ವಾ?

ಕಂಪನಿಗಳ ಲಾಭ, ತಂತಿಯಲ್ಲಾಗುವ ಸೋರಿಕೆ, ಸರ್ಕಾರದ ತೆರಿಗೆ ಎಲ್ಲವೂ ಅದರಲ್ಲಿ ಇವೆ. ಆದರೆ ಮುಖ್ಯ ಕಾರಣ ಬೇರೆ. ನಾವು ‘ಯೂನಿಟ್’ ಎಂಬ ಒಂದೇ ಹೆಸರಿನಲ್ಲಿ ಕರೆಯುವ ಸರಕು ನಿಜವಾಗಿ ಒಂದೇ ಸರಕಲ್ಲ. ಮಧ್ಯಾಹ್ನ 12ರ ಯೂನಿಟ್, ಸಂಜೆ 7ರ ಯೂನಿಟ್, ಜುಲೈ ತಿಂಗಳ ಯೂನಿಟ್, ಮಾರ್ಚ್ ತಿಂಗಳ ಯೂನಿಟ್, ಇವೆಲ್ಲ ಬೇರೆ ಬೇರೆ ಮಾಲು. ಬಿಸಿಲು ಮತ್ತು ಗಾಳಿಯ ಕರೆಂಟ್ ಹೆಚ್ಚಾದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತಿದೆ. ನಮ್ಮ ದರಪಟ್ಟಿಗೆ, ನಮ್ಮ ಸಬ್ಸಿಡಿಗೆ, ನಮ್ಮ ಮೀಟರಿಗೆ ಮಾತ್ರ ಇದು ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ಮೊದಲು ಗದಗಿನ ಫ್ಯಾನಿನ ಲೆಕ್ಕ ಮುಗಿಸೋಣ. ತಂತಿಯಲ್ಲಿ ಹರಿಯುವ ಕರೆಂಟ್ ಹತ್ತಿರ ಯಾರು ಬಳಸುತ್ತಾರೋ ಅವರ ಕಡೆಗೇ ಹೋಗುತ್ತದೆ. ಹಾಗಾಗಿ ಗದಗಿನ ಗಾಳಿ ಕರೆಂಟನ್ನು ಧಾರವಾಡ, ಹುಬ್ಬಳ್ಳಿಯವರು ಬಳಸುತ್ತಿರುವುದು ನಿಜವೇ. ಆದರೆ ಹಣದ ಲೆಕ್ಕ ನಡೆಯುವುದು ಒಪ್ಪಂದದ ಪ್ರಕಾರ. ಗದಗ ಜಿಲ್ಲೆಯಲ್ಲಿ 2,500 ಮೆಗಾವ್ಯಾಟ್ ನವೀಕರಿಸಬಹುದಾದ ವಿದ್ಯುತ್ತನ್ನು ಒಟ್ಟುಮಾಡಿ ಕಳಿಸಲೆಂದು ಅಂತರರಾಜ್ಯ ಜಾಲದ ಒಂದು ದೊಡ್ಡ ಕೇಂದ್ರವನ್ನೇ ಯೋಜಿಸಲಾಯಿತು. ಅಲ್ಲಿಂದ 400 ಕೆವಿ ಲೈನು ಕೂಡಗಿ ಕಡೆಗೆ ಹೋಗಿ ದೇಶದ ಜಾಲ ಸೇರುತ್ತದೆ. ಈ ಹಾದಿ ಹಿಡಿಯುವ ಕಂಪನಿಗಳು ಕೇಂದ್ರದ ಹರಾಜುಗಳಲ್ಲಿ ಗೆದ್ದು ಬೇರೆ ರಾಜ್ಯಗಳ ವಿದ್ಯುತ್ ಕಂಪನಿಗಳಿಗೂ 25 ವರ್ಷದ ಒಪ್ಪಂದದಲ್ಲಿ ಮಾರಬಹುದು. 2025ರ ಜೂನ್ 30ರೊಳಗೆ ಶುರುವಾದ ಗಾಳಿ, ಸೋಲಾರ್ ಘಟಕಗಳಿಗೆ ಅಂತರರಾಜ್ಯ ಸಾಗಣೆ ಶುಲ್ಕ ಪೂರ್ತಿ ಮನ್ನಾ ಇತ್ತು. ಅಂದರೆ ದೂರದ ಕೊಳ್ಳುವವರಿಗೂ ನಮ್ಮ ಗಾಳಿ ಅಷ್ಟೇ ಅಗ್ಗ. ಫ್ಯಾನು ಯಾರ ಹೊಲದಲ್ಲಿ ನಿಂತಿದೆ ಎಂಬುದಕ್ಕೂ ಅದರ ಯೂನಿಟ್ ಯಾರ ಖಾತೆಗೆ ಬೀಳುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ.

ಹೀಗೆ ದೇಶವೆಲ್ಲ ಒಂದೇ ಜಾಲ ಆಗಿದ್ದು ತೀರಾ ಹಳೆಯ ಮಾತಲ್ಲ. ದಕ್ಷಿಣದ ರಾಜ್ಯಗಳ ಜಾಲ ಉಳಿದ ದೇಶದೊಡನೆ ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ. ಅದಕ್ಕೆ ಮೊದಲು ಉತ್ತರದಲ್ಲಿ ಕರೆಂಟ್ ಅಗ್ಗ ಇದ್ದರೂ ಇಲ್ಲಿಗೆ ತರಲು ಸಾಕಷ್ಟು ತಂತಿ ಇರಲಿಲ್ಲ. ಬೇಸಿಗೆಯಲ್ಲಿ ದಕ್ಷಿಣಕ್ಕೆ ಬೇರೆಯೇ ದುಬಾರಿ ಬೆಲೆ ಇರುತ್ತಿತ್ತು.

ಈಗ ಹೆಸ್ಕಾಂ ಕರೆಂಟ್ ತರುವುದು ಎಲ್ಲಿಂದ? ಹುಬ್ಬಳ್ಳಿಯ ನವನಗರದಲ್ಲಿ ಕಚೇರಿ ಇರುವ ಈ ಕಂಪನಿಯದು ಮುಖ್ಯವಾಗಿ ಕೊಂಡು ಹಂಚುವ ಕೆಲಸ. ರಾಜ್ಯದ ಎಲ್ಲ ಎಸ್ಕಾಂಗಳ (ಹೆಸ್ಕಾಂನಂಥ ಹಂಚುವ ಕಂಪನಿಗಳ) ಪರವಾಗಿ ಖರೀದಿಯ ವ್ಯವಸ್ಥೆ ಮಾಡುವುದಕ್ಕೆ ಪಿಸಿಕೆಎಲ್ ಎಂಬ ಸರ್ಕಾರಿ ಕಂಪನಿ ಇದೆ. ಶರಾವತಿಯ ನೀರು, ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಸೋಲಾರ್, ವಿಜಯಪುರ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ಕೇಂದ್ರ, ಎಲ್ಲದರ ಜೊತೆಗೂ ದೀರ್ಘಾವಧಿ ಒಪ್ಪಂದಗಳಿವೆ. ದೇಶದ ಬಹುಪಾಲು ಕರೆಂಟ್ ಇಂಥ ಒಪ್ಪಂದಗಳಲ್ಲೇ ಮಾರಾಟವಾಗುತ್ತದೆ. ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ದಿನದಿನದ ಬೆಲೆಗೆ ಕೈ ಬದಲಾಗುವುದು ನೂರರಲ್ಲಿ ಹತ್ತು ಪಾಲಿಗಿಂತ ಕಡಿಮೆ.

ಈ ಒಪ್ಪಂದದ ಒಳಗೆ ಏನಿದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಬಿಲ್ಲಿನ ಗುಟ್ಟು ಅಲ್ಲೇ ಇದೆ.

ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ, ಒಟ್ಟು 2,400. ಇಂಥ ಕೇಂದ್ರಕ್ಕೆ ಕೊಡುವ ಹಣದಲ್ಲಿ ಎರಡು ಭಾಗ. ಒಂದು, ಸ್ಥಿರ ವೆಚ್ಚ. ಕಟ್ಟಿದ ಸಾಲದ ಬಡ್ಡಿ, ಯಂತ್ರದ ಸವಕಳಿ, ನೌಕರರ ಸಂಬಳ, ಹೂಡಿದವರ ಲಾಭ ಇದರಲ್ಲಿ ಬರುತ್ತವೆ. ಎರಡು, ಇಂಧನದ ವೆಚ್ಚ. ಉರಿಸಿದ ಕಲ್ಲಿದ್ದಲು ಮತ್ತು ಅದನ್ನು ರೈಲಿನಲ್ಲಿ ತಂದ ಖರ್ಚು. ಹೆಸ್ಕಾಂನವರು ‘ಇವತ್ತು ನಿಮ್ಮ ಕರೆಂಟ್ ಬೇಡ’ ಎಂದರೆ ಎರಡನೆಯದು ಉಳಿಯುತ್ತದೆ. ಮೊದಲನೆಯದು ಉಳಿಯುವುದಿಲ್ಲ. ಕೇಂದ್ರ ಸಿದ್ಧವಾಗಿ ನಿಂತಿದ್ದರೆ ಸಾಕು, ಸ್ಥಿರ ವೆಚ್ಚ ಕೊಡಲೇಬೇಕು.

ಈಗ ಹಗಲಿಡೀ ಸೋಲಾರ್, ಮಳೆಗಾಲದಲ್ಲಿ ಗಾಳಿ ಬಂದು ತುಂಬಿತು ಅನ್ನಿ. ಕಲ್ಲಿದ್ದಲು ಕೇಂದ್ರಗಳಿಂದ ಕೊಳ್ಳುವ ಯೂನಿಟ್ ಕಡಿಮೆಯಾಗುತ್ತದೆ. ಆದರೆ ಅದೇ ಸ್ಥಿರ ವೆಚ್ಚ ಈಗ ಕಡಿಮೆ ಯೂನಿಟ್‌ಗಳ ಮೇಲೆ ಹಂಚಿಕೆಯಾಗುತ್ತದೆ. ಕಲ್ಲಿದ್ದಲಿನ ಪ್ರತಿ ಯೂನಿಟ್ ಇನ್ನಷ್ಟು ದುಬಾರಿ ಅನಿಸುತ್ತದೆ. ಇದನ್ನು ನೋಡಿ ‘ಸುಮ್ನೆ ಕೂತವರಿಗೆ ದುಡ್ಡು ಕೊಡ್ತಿದ್ದಾರೆ’ ಎಂದು ಸಿಟ್ಟಾಗುವವರಿದ್ದಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಲಾರೆ. ಆ ಕೇಂದ್ರ ಸುಮ್ನೆ ಕೂತಿರುವುದು ಸಂಜೆ 7ಕ್ಕೆ ಬೇಕಾದಾಗ ಎದ್ದು ನಿಲ್ಲುವುದಕ್ಕೆ. ನಾವು ಕೊಡುತ್ತಿರುವುದು ಯೂನಿಟ್ಟಿನ ಬೆಲೆಯಲ್ಲ, ಬೇಕೆಂದಾಗ ಸಿಗುತ್ತದೆ ಎಂಬ ಭರವಸೆಯ ಬೆಲೆ. ಪ್ರಶ್ನೆ ಇರುವುದು ಆ ಭರವಸೆಗೆ ನಾವು ಜಾಸ್ತಿ ಕೊಡುತ್ತಿದ್ದೇವಾ ಎಂಬುದರಲ್ಲಿ.

ಹಳೆಯ ಹಸಿರು ಒಪ್ಪಂದಗಳೂ ಬಿಲ್ಲಿನಲ್ಲಿ ಕೂತಿವೆ. 2014–15ರಲ್ಲಿ ರೈತರ ಜಮೀನಿನಲ್ಲಿ ಒಂದರಿಂದ ಮೂರು ಮೆಗಾವ್ಯಾಟ್ ಸೋಲಾರ್ ಹಾಕುವ ಯೋಜನೆ ಬಂದಾಗ ಯೂನಿಟ್‌ಗೆ 8.40 ರೂಪಾಯಿ ದರ ಇತ್ತು. ಒಪ್ಪಂದ 25 ವರ್ಷಕ್ಕೆ. ಆಗ ಫಲಕಗಳೇ ದುಬಾರಿ, ಹಾಗಾಗಿ ಅಂದಿನ ದರ ತಪ್ಪು ಎನ್ನಲಾಗದು. ಯಾರಾದರೂ ಮೊದಲು ಹೆಚ್ಚು ಕೊಟ್ಟು ಕೊಂಡಿದ್ದರಿಂದಲೇ ಆಮೇಲೆ ಬೆಲೆ ಇಳಿಯಿತು. ಆದರೆ ಹೊಸ ಹರಾಜಿನ ಎರಡೂವರೆ ರೂಪಾಯಿ ನಮ್ಮ ಸರಾಸರಿಯನ್ನು ಒಮ್ಮೆಲೇ ಇಳಿಸುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ದಿನದಿನದ ಮಾರುಕಟ್ಟೆ. ಪಾಲು ಚಿಕ್ಕದಾದರೂ ಯಾವ ಹೊತ್ತಿನ ಯೂನಿಟ್‌ಗೆ ಎಷ್ಟು ಬೆಲೆ ಎಂಬುದು ಬಯಲಾಗುವುದು ಅಲ್ಲೇ.

ಭಾರತದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಶುರುವಾದದ್ದು 2008ರಲ್ಲಿ. ಇಲ್ಲಿ ನಾಳೆಯ ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಬೇರೆ ಹರಾಜು ಮಾಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಿದವರಿಗೆ ಹರಾಜು ಹೊಸದೇನಲ್ಲ. ಅಲ್ಲಿ ಪ್ರತಿ ಲಾಟಿಗೆ ಒಂದು ನಂಬರು, ವ್ಯಾಪಾರಿಗಳು ಕಾಯಿ ಮುರಿದು ಬಣ್ಣ, ತೇವ ನೋಡಿ ಟೆಂಡರ್ ಹಾಕುತ್ತಾರೆ, ಒಂದೊಂದು ಲಾಟಿಗೂ ಒಂದೊಂದು ದರ. ಕರೆಂಟಿನ ಹರಾಜು ಇದಕ್ಕಿಂತ ಒಂದು ವಿಷಯದಲ್ಲಿ ಪೂರ್ತಿ ಬೇರೆ. ಆ 15 ನಿಮಿಷಕ್ಕೆ ಮಾರಿದವರಿಗೆಲ್ಲ ಒಂದೇ ಬೆಲೆ. ಕೊನೆಯದಾಗಿ ಬೇಕಾದ ಮಾರಾಟಗಾರ ಎಷ್ಟು ಕೇಳಿದನೋ ಅದೇ ಎಲ್ಲರ ಬೆಲೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಚಿಕ್ಕ ಮಾರುಕಟ್ಟೆಗೆ 100 ಮೆಗಾವ್ಯಾಟ್ ಬೇಕು. 40 ಮೆಗಾವ್ಯಾಟ್ ಸೋಲಾರ್ 50 ಪೈಸೆಗೆ ಕೊಡಲು ಸಿದ್ಧ. 20 ಮೆಗಾವ್ಯಾಟ್ ಗಾಳಿ 1 ರೂಪಾಯಿಗೆ. ಒಂದು ಕಲ್ಲಿದ್ದಲು ಕೇಂದ್ರ 30 ಮೆಗಾವ್ಯಾಟನ್ನು ಮೂರೂವರೆಗೆ, ಇನ್ನೊಂದು 30 ಮೆಗಾವ್ಯಾಟನ್ನು 5 ರೂಪಾಯಿಗೆ. ಕೊನೆಗೆ 20 ಮೆಗಾವ್ಯಾಟ್ ಗ್ಯಾಸ್ 9 ರೂಪಾಯಿಗೆ. ಅಗ್ಗದಿಂದ ಶುರುಮಾಡಿ ಕೂಡಿಸುತ್ತ ಹೋದರೆ ಮಧ್ಯಾಹ್ನ 100 ತುಂಬುವುದು ಎರಡನೇ ಕಲ್ಲಿದ್ದಲು ಕೇಂದ್ರದಲ್ಲಿ. ಬೆಲೆ 5 ರೂಪಾಯಿ. ಸೋಲಾರ್‌ನವರಿಗೂ 5 ರೂಪಾಯಿ ಸಿಗುತ್ತದೆ. ಸಂಜೆ 7ಕ್ಕೆ ಅದೇ 100 ಬೇಕು, ಆದರೆ ಸೋಲಾರ್ ಇಲ್ಲ. ಗಾಳಿ, ಎರಡು ಕಲ್ಲಿದ್ದಲು ಸೇರಿ 80. ಉಳಿದ 20ಕ್ಕೆ ಗ್ಯಾಸೇ ಗತಿ. ಬೆಲೆ 9 ರೂಪಾಯಿ.

ಈಗ ಸೋಲಾರನ್ನು ಎರಡು ಪಟ್ಟು ಮಾಡಿ. ಮಧ್ಯಾಹ್ನ 80 ಸೋಲಾರ್, 20 ಗಾಳಿ, ಅಲ್ಲಿಗೆ 100 ಮುಗಿಯಿತು. ಬೆಲೆ 5ರಿಂದ 1 ರೂಪಾಯಿಗೆ ಬಿತ್ತು. ಸಂಜೆಯ ಬೆಲೆ? ಅದೇ 9. ಒಂದು ಪೈಸೆಯೂ ಕದಲಲಿಲ್ಲ.

ಈ ಪುಟ್ಟ ಲೆಕ್ಕದಲ್ಲಿ ಹೊಸ ಕಾಲದ ವಿದ್ಯುತ್ ಅರ್ಥಶಾಸ್ತ್ರದ ಅರ್ಧ ಪಾಠ ಇದೆ. ಸೋಲಾರ್ ಜಾಸ್ತಿ ಆದಷ್ಟೂ ಸೋಲಾರ್ ಸಿಗುವ ಹೊತ್ತಿನ ಬೆಲೆ ಬೀಳುತ್ತದೆ, ಅಂದರೆ ಅದು ತನ್ನ ಗಳಿಕೆಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಕಲ್ಲಿದ್ದಲು ಕೇಂದ್ರಗಳಿಗೆ ಹಗಲು ಮಾರಾಟವೇ ಇಲ್ಲ. ಅವು ಬದುಕಬೇಕಾದರೆ ಸಂಜೆಯ ಮೂರು ನಾಲ್ಕು ಗಂಟೆಯಲ್ಲಿ ಎಲ್ಲ ಗಳಿಸಬೇಕು, ಇಲ್ಲವೇ ಯಾರಾದರೂ ಸ್ಥಿರ ವೆಚ್ಚ ಕೊಡಬೇಕು.

ಎಲ್ಲರಿಗೂ ಒಂದೇ ಬೆಲೆ ಯಾಕೆ, 50 ಪೈಸೆ ಕೇಳಿದವರಿಗೆ 50 ಪೈಸೆ ಕೊಟ್ಟರಾಗದಾ ಎಂದು ಕೇಳಬಹುದು. ಹಾಗೆ ಮಾಡಿದರೆ ನಾಳೆಯಿಂದ ಯಾರೂ 50 ಪೈಸೆ ಬರೆಯುವುದಿಲ್ಲ. ಇವತ್ತು ಬೆಲೆ ಎಲ್ಲಿ ನಿಲ್ಲಬಹುದು ಎಂದು ಊಹಿಸಿ ಅದರ ಹತ್ತಿರವೇ ಬರೆಯುತ್ತಾರೆ. ಊಹೆ ತಪ್ಪಿದರೆ ಅಗ್ಗದ ಕೇಂದ್ರ ಹೊರಗುಳಿದು ದುಬಾರಿ ಕೇಂದ್ರ ಒಳಗೆ ಬರುತ್ತದೆ. ಒಂದೇ ಬೆಲೆ ಅಂದಾಗ ತನ್ನ ನಿಜವಾದ ಖರ್ಚನ್ನೇ ಬರೆಯುವುದು ಎಲ್ಲರಿಗೂ ಲಾಭ.

ಕಾಲ್ಪನಿಕ ಲೆಕ್ಕ ನಿಜ ಆಗುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. 2020ರ ಜೂನ್‌ನಲ್ಲಿ ಶುರುವಾದ ತತ್‌ಕ್ಷಣದ ಮಾರುಕಟ್ಟೆಯಲ್ಲಿ, 2025ರ ಮೇ ತಿಂಗಳ ಒಂದು ಭಾನುವಾರ ಹಗಲಿನ ಬೆಲೆ ಸೊನ್ನೆ ಮುಟ್ಟಿತು. ರಜಾದಿನ ಕಾರ್ಖಾನೆಗಳು ಕಡಿಮೆ, ಬಿಸಿಲು ಮಾತ್ರ ಭರ್ಜರಿ. ಇನ್ನೊಂದು ತುದಿಯಲ್ಲಿ ಬೇಡಿಕೆ ಏರಿದ ಸಂಜೆಗಳಲ್ಲಿ ಬೆಲೆ 10 ರೂಪಾಯಿಯ ಮಿತಿಗೆ ತಾಗಿ ನಿಂತ ದಿನಗಳಿವೆ. ಆ ಮಿತಿಯನ್ನು ಹಾಕಿದ್ದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. 2022ರಲ್ಲಿ ಕಲ್ಲಿದ್ದಲಿನ ಅಭಾವದಿಂದ ಬೆಲೆ ಹುಚ್ಚೆದ್ದಾಗ 12 ರೂಪಾಯಿ ಎಂದು ಕಟ್ಟಿ, 2023ರಲ್ಲಿ 10ಕ್ಕೆ ಇಳಿಸಿತು.

ಹಾಗಾದರೆ ಮಧ್ಯಾಹ್ನ ಕಲ್ಲಿದ್ದಲು ಕೇಂದ್ರಗಳನ್ನು ಪೂರ್ತಿ ನಿಲ್ಲಿಸಬಹುದಲ್ಲ? ಆಗುವುದಿಲ್ಲ. ದೊಡ್ಡ ಬಾಯ್ಲರನ್ನು ಆರಿಸಿ ಮತ್ತೆ ಸಂಜೆಗೆ ಹೊತ್ತಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಎಣ್ಣೆ ಸುಡಬೇಕು, ಯಂತ್ರ ಸವೆಯುತ್ತದೆ. ಅದಕ್ಕೇ ಹಗಲು ಕನಿಷ್ಠ ಸಾಮರ್ಥ್ಯದಲ್ಲಿ ಓಡಿಸುತ್ತಾರೆ. ಈ ಕನಿಷ್ಠ ಈಗ ನೂರಕ್ಕೆ 55ರಷ್ಟು. ಅದನ್ನು 40ಕ್ಕೆ ಇಳಿಸಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊರಟಿದೆ. ಅಷ್ಟರವರೆಗೆ ಬಿಸಿಲಿನ ಕರೆಂಟಿಗೆ ಜಾಗ ಸಾಲದ ದಿನ ಸೋಲಾರ್, ಗಾಳಿ ಘಟಕಗಳಿಗೇ ಕಡಿಮೆ ಮಾಡಿ ಎನ್ನಬೇಕಾಗುತ್ತದೆ. ಗಾಳಿ ಬೀಸುತ್ತಿದ್ದರೂ ಫ್ಯಾನು ತಿರುಗದೆ ನಿಂತಿದ್ದರೆ ಅದು ಕೆಟ್ಟಿದೆ ಎಂದೇನೂ ಅಲ್ಲ, ಹೀಗೂ ಇರಬಹುದು.

ದಿನದ ಹೊತ್ತಿನ ಹಾಗೆ ವರ್ಷದ ಕಾಲವೂ ಇದೆ. ನಮ್ಮ ಗಾಳಿಗೆ ಜೂನ್‌ನಿಂದ ಸೆಪ್ಟೆಂಬರ್ ಸುಗ್ಗಿ. ಅದೇ ಹೊತ್ತಿಗೆ ಜಲಾಶಯಗಳಿಗೂ ನೀರು ಬರುತ್ತದೆ. ಪಂಪ್‌ಸೆಟ್, ಫ್ಯಾನು, ಎಸಿಗಳ ಬೇಡಿಕೆ ಮಾತ್ರ ಏರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. 2024ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು.

ಗಾಳಿ, ನೀರು ಎರಡೂ ಕೈಕೊಟ್ಟರೆ ಏನಾಗುತ್ತದೆ ಎಂದು 2023ರ ಅಕ್ಟೋಬರ್‌ನಲ್ಲಿ ನಾವೆಲ್ಲ ಕಂಡೆವು. ಮಳೆ ಕೈಕೊಟ್ಟಿತ್ತು. ಜಲಾಶಯ ಖಾಲಿ. ಗಾಳಿಯ ಕಾಲ ಮುಗಿದಿತ್ತು. ಬೆಳೆ ಒಣಗುತ್ತಿದ್ದರಿಂದ ಪಂಪ್‌ಸೆಟ್‌ಗಳು ಬೇಸಿಗೆಯ ಹಾಗೆ ಓಡುತ್ತಿದ್ದವು. 7 ಗಂಟೆ ತ್ರೀ ಫೇಸ್ ಎಂದಿದ್ದದ್ದು 5 ಗಂಟೆಗೆ ಇಳಿದು ರೈತರು ಬೀದಿಗೆ ಬಂದರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಉತ್ಪಾದಕರು ಇಲ್ಲಿಗೇ ಮಾರಬೇಕು ಎಂದಿತು. ಜೊತೆಗೆ ಉತ್ತರ ಪ್ರದೇಶ, ಪಂಜಾಬ್ ರಾಜ್ಯಗಳಿಂದ ಕರೆಂಟ್ ಕಡ ತಂದಿತು. ಆ ಕಡದ ವ್ಯವಸ್ಥೆ ನನಗೆ ಬಹಳ ಹಿಡಿಸಿದ ಸಂಗತಿ. ನಮಗೆ ಬೇಕಾದಾಗ ಅವರು ಕೊಡುವುದು, ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ, ನೀರು ತುಂಬಿ ಅವರಲ್ಲಿ ಭತ್ತದ ನಾಟಿಗೆ ಕರೆಂಟ್ ಬೇಕಾದಾಗ ನಾವು ವಾಪಸ್ ಕೊಡುವುದು. ರೊಕ್ಕದ ಮಾತಿಲ್ಲ, ಯೂನಿಟ್‌ಗೆ ಯೂನಿಟ್. ಇಬ್ಬರಿಗೂ ಲಾಭ, ಯಾಕೆಂದರೆ ಇಬ್ಬರೂ ತಮಗೆ ಅಗ್ಗವಾದ ಹೊತ್ತಿನ ಯೂನಿಟ್ ಕೊಟ್ಟು ತಮಗೆ ದುಬಾರಿಯಾದ ಹೊತ್ತಿನ ಯೂನಿಟ್ ಪಡೆಯುತ್ತಾರೆ.

ಇದೇ ಲೆಕ್ಕ ಉಲ್ಟಾ ಹೊಡೆಯುವ ಜಾಗವೂ ಇದೆ. ಒಂದು ಕಾರ್ಖಾನೆ ಗದಗಿನ ಗಾಳಿ ಘಟಕದಿಂದ ನೇರವಾಗಿ ಕರೆಂಟ್ ಕೊಳ್ಳುತ್ತದೆ ಎನ್ನಿ. ಜುಲೈನಲ್ಲಿ ಹೆಚ್ಚಾದ ಯೂನಿಟ್‌ಗಳನ್ನು ಹೆಸ್ಕಾಂ ಖಾತೆಯಲ್ಲಿ ಇಟ್ಟು, ಮಾರ್ಚ್‌ನಲ್ಲಿ ತೆಗೆದುಕೊಂಡರೆ? ಇದಕ್ಕೆ ಬ್ಯಾಂಕಿಂಗ್ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಗಾಳಿ ವಿದ್ಯುತ್ತಿಗೆ ಮೊದಲು ವರ್ಷದ ಲೆಕ್ಕದಲ್ಲಿ ಈ ಅವಕಾಶ ಇತ್ತು, ಶುಲ್ಕವೂ ತೀರಾ ಕಡಿಮೆ. ಹೆಸ್ಕಾಂಗೆ ಜುಲೈನಲ್ಲಿ ಬೇಡದಿದ್ದ ಯೂನಿಟ್ ಬಂತು, ಮಾರ್ಚ್‌ನಲ್ಲಿ ದುಬಾರಿ ಯೂನಿಟ್ ಕೊಂಡು ವಾಪಸ್ ಕೊಡಬೇಕಾಯಿತು. ಆ ವ್ಯತ್ಯಾಸ ತುಂಬಿದವರು ಉಳಿದ ಗ್ರಾಹಕರು. ಕೇಂದ್ರದ 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು (ಎಸ್ಕಾಂ ಬಿಟ್ಟು ಬೇರೆಡೆಯಿಂದ ಹಸಿರು ಕರೆಂಟ್ ಕೊಳ್ಳುವ ನಿಯಮಗಳು) ಬಂದ ಮೇಲೆ ತಿಂಗಳ ಲೆಕ್ಕದ ಬ್ಯಾಂಕಿಂಗ್‌ಗೆ ಒತ್ತು ಬಂತು. ಗಾಳಿ ಘಟಕದವರಿಗೆ ಇದು ನೋವಿನ ವಿಷಯವೇ. ಆದರೂ ತಿಂಗಳ ಲೆಕ್ಕ ವರ್ಷದ ಲೆಕ್ಕಕ್ಕಿಂತ ಸತ್ಯಕ್ಕೆ ಹತ್ತಿರ ಎಂದೇ ನನ್ನ ಅಭಿಪ್ರಾಯ.

ಮನೆಯ ಮೇಲಿನ ಸೋಲಾರ್‌ನಲ್ಲೂ ಇದೇ ತೊಡಕು ಚಿಕ್ಕ ಅಳತೆಯಲ್ಲಿದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಹಾಕಿಸಿಕೊಳ್ಳಿ, ಒಳ್ಳೆಯದೇ. ಆದರೆ ನೆಟ್ ಮೀಟರ್ ಮಧ್ಯಾಹ್ನ ಕೊಟ್ಟ ಯೂನಿಟ್‌ಗೆ ಸಂಜೆಯ ಯೂನಿಟನ್ನು ಸಮ ಮಾಡಿ ಕಳೆಯುತ್ತದೆ. ಮನೆ ಹತ್ತಾದಾಗ ಅದು ದೊಡ್ಡದಲ್ಲ. ಮನೆ ಲಕ್ಷವಾದಾಗ ಆ ಸಂಜೆಯ ಯೂನಿಟ್ಟಿನ ಖರ್ಚು ಯಾರ ಮೇಲಾದರೂ ಬೀಳಲೇಬೇಕು. ಬೀಳುವುದು ಸ್ವಂತ ಮಹಡಿ ಇಲ್ಲದ ಬಾಡಿಗೆ ಮನೆಯವರ ಮೇಲೆ.

ಯಾರ ಮೇಲೆ ಬೀಳುತ್ತದೆ ಎಂಬ ಈ ಪ್ರಶ್ನೆಯನ್ನು ಹಸಿರು ಕರೆಂಟಿನ ಉತ್ಸಾಹಿಗಳು ತಪ್ಪಿಸಿಕೊಂಡು ಹೋಗುತ್ತಾರೆ. ತಪ್ಪಿಸಬಾರದು. ಮೊದಲು 1 ಮೆಗಾವ್ಯಾಟ್‌ಗಿಂತ ದೊಡ್ಡ ಗ್ರಾಹಕರು ಮಾತ್ರ ಬೇರೆಡೆಯಿಂದ ಕರೆಂಟ್ ಕೊಳ್ಳಬಹುದಿತ್ತು. 2022ರ ನಿಯಮ ಹಸಿರು ಕರೆಂಟಿಗೆ ಅದನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಧಾರವಾಡದ ಬೇಲೂರಿನ, ಹುಬ್ಬಳ್ಳಿಯ ತಾರಿಹಾಳದ ಮಧ್ಯಮ ಘಟಕಗಳೂ ಈಗ ಹೊರಗೆ ಕೊಳ್ಳಬಹುದು. ಅವರಿಗೆ ಲಾಭ. ಆದರೆ ಹೆಸ್ಕಾಂಗೆ ಹೆಚ್ಚು ದರ ಕೊಡುವ ಗ್ರಾಹಕರು ಅವರೇ. ಅವರು ಹೋದರೆ ಕೂಡಗಿಯ ಸ್ಥಿರ ವೆಚ್ಚ ಹೋಗುವುದಿಲ್ಲ, ಉಳಿದವರ ಮೇಲೆ ಕೂರುತ್ತದೆ. ಅದಕ್ಕೇ ಹೊರಗೆ ಕೊಳ್ಳುವವರ ಮೇಲೆ ಸರ್‌ಚಾರ್ಜ್ ಹಾಕುತ್ತಾರೆ. ಅದು ತೀರಾ ಹೆಚ್ಚಾದರೆ ಹಸಿರು ಕರೆಂಟ್ ಬೆಳೆಯುವುದಿಲ್ಲ, ತೀರಾ ಕಡಿಮೆಯಾದರೆ ಹೆಸ್ಕಾಂ ಉಳಿಯುವುದಿಲ್ಲ.

ಈಗ ಪಂಪ್‌ಸೆಟ್‌ಗೆ ಬರೋಣ. ಹೆಸ್ಕಾಂ ಮಾರುವ ಕರೆಂಟಿನಲ್ಲಿ ಅರ್ಧದ ಆಸುಪಾಸು ಹೋಗುವುದು ಅಲ್ಲಿಗೇ. 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಉಚಿತ. ಸರ್ಕಾರ ಆ ಹಣವನ್ನು ಎಸ್ಕಾಂಗಳಿಗೆ ತುಂಬುತ್ತದೆ, ರಾಜ್ಯದಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು. ತಡವಾಗಿ ತುಂಬಿದರೆ ನಡುವಿನ ಸಾಲ, ಬಡ್ಡಿ ಎಸ್ಕಾಂ ತಲೆಗೆ.

ಪಂಪ್‌ಸೆಟ್ಟಿನ ವಿಶೇಷ ಏನೆಂದರೆ, ನೀರು ಬೆಳಗ್ಗೆ 10ಕ್ಕೆ ಹಾಯಿಸಿದರೂ ಬೆಳೆಗೆ ತಕರಾರಿಲ್ಲ, ರಾತ್ರಿ 2ಕ್ಕೆ ಹಾಯಿಸಿದರೂ ತಕರಾರಿಲ್ಲ. ತಕರಾರು ಇರುವುದು ರೈತನಿಗೆ. ಎಷ್ಟೋ ವರ್ಷ ತ್ರೀ ಫೇಸ್ ಬರುತ್ತಿದ್ದದ್ದೇ ರಾತ್ರಿ. ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟರು ಹಾಕಬೇಕಿತ್ತು. ಅದು ಬೇಡವೆಂದೇ ಆಟೋ ಸ್ಟಾರ್ಟರ್ ಬಂತು. ಕರೆಂಟ್ ಬಂದ ಕೂಡಲೇ ಊರಿನ ಮೋಟರುಗಳೆಲ್ಲ ಒಟ್ಟಿಗೇ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುವುದೂ ಬಂತು. ಆಗ ರಾತ್ರಿ ಕೊಡುತ್ತಿದ್ದದ್ದಕ್ಕೆ ಕಾರಣ ಇತ್ತು. ಕಲ್ಲಿದ್ದಲು ಕೇಂದ್ರಗಳು ಮಧ್ಯರಾತ್ರಿಯೂ ಓಡುತ್ತವೆ, ಆಗ ಕೊಳ್ಳುವವರಿರಲಿಲ್ಲ. ಇವತ್ತು ಕೊಳ್ಳುವವರಿಲ್ಲದ ಹೊತ್ತು ಹಗಲು. ಹಾಗಾಗಿ ಪಂಪ್‌ಸೆಟ್ ಫೀಡರುಗಳನ್ನು (ಪಂಪುಗಳಿಗೆ ಕರೆಂಟ್ ಒಯ್ಯುವ ಲೈನುಗಳನ್ನು) ಹಗಲಿಗೆ ತರುತ್ತಿದ್ದಾರೆ. ಹೀಗೆ ಸರಿಸಿದ ಮೇಲೆ ರಾಜ್ಯದ ಬೇಡಿಕೆ ಈಗ ತುದಿ ಮುಟ್ಟುವುದು ಬಿಸಿಲಿನ ಹೊತ್ತಿನಲ್ಲೇ. ಕುಸುಮ್-ಸಿ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಆ ಫೀಡರಿಗೇ ಕೊಡುವ ಕೆಲಸವೂ ನಡೆದಿದೆ. ಇಡೀ ವಿದ್ಯುತ್ ಪರಿವರ್ತನೆಯಲ್ಲಿ ಅರ್ಥಶಾಸ್ತ್ರವೂ ಮನುಷ್ಯತ್ವವೂ ಒಂದೇ ಕಡೆ ನಿಂತಿರುವ ಜಾಗ ಇದು. ರೈತ ರಾತ್ರಿ ಮಲಗುತ್ತಾನೆ, ಸರ್ಕಾರದ ಸಬ್ಸಿಡಿ ಅಗ್ಗದ ಯೂನಿಟ್ ಮೇಲೆ ಹೋಗುತ್ತದೆ.

ಗೃಹಜ್ಯೋತಿಯ ಮಾತು ಇಷ್ಟು ಸುಲಭವಲ್ಲ. 2023ರ ಆಗಸ್ಟ್‌ನಿಂದ ತಿಂಗಳಿಗೆ 200 ಯೂನಿಟ್ ಒಳಗೆ, ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ. ಬಡ ಮನೆಗೆ ಇದು ದೊಡ್ಡ ಆಸರೆ, ಅದನ್ನು ಕಿತ್ತುಕೊಳ್ಳಬೇಕು ಎನ್ನುವವರ ಜೊತೆ ನಾನಿಲ್ಲ. ಆದರೆ ಈ ಯೋಜನೆ ಯೂನಿಟ್ ಎಣಿಸುತ್ತದೆ, ಹೊತ್ತು ಎಣಿಸುವುದಿಲ್ಲ. ಮಧ್ಯಾಹ್ನ ವಾಷಿಂಗ್ ಮಷಿನ್ ಹಾಕಿದ ಮನೆಗೂ ಸಂಜೆ 7ಕ್ಕೆ ಗೀಸರ್ ಹಾಕಿದ ಮನೆಗೂ ಒಂದೇ ಲೆಕ್ಕ. ಹಗಲು ಬಳಸಿದ ಯೂನಿಟ್ಟಿಗೆ ಇನ್ನೂ ಸ್ವಲ್ಪ ಹೆಚ್ಚು ಬಿಟ್ಟುಕೊಟ್ಟರೆ, ಸರ್ಕಾರದ ಖರ್ಚು ಏರದೆಯೇ ಜನರಿಗೆ ಇನ್ನಷ್ಟು ಕೊಡಬಹುದು. ಅದಕ್ಕೆ ಹೊತ್ತು ಬರೆದಿಡುವ ಮೀಟರ್ ಬೇಕು. ಸ್ಮಾರ್ಟ್ ಮೀಟರಿನ ಬಗ್ಗೆ ನಮ್ಮಲ್ಲಿ ಬರೀ ಅದರ ಬೆಲೆಯ ಜಗಳ ನಡೆದಿದೆ. ಅದು ಬಂದರೆ ನಮಗೆ ಯಾವ ಹೊತ್ತಿಗೆ ಎಷ್ಟು ಅಗ್ಗ ಸಿಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಆ ಮಾತಿಲ್ಲದೆ ಜನ ಮೀಟರನ್ನು ಅನುಮಾನಿಸಿದರೆ ಅದು ಜನರ ತಪ್ಪಲ್ಲ.

ಕಾಯಿದೆ ಆಗಲೇ ಇದೆ. ಕೇಂದ್ರದ 2023ರ ತಿದ್ದುಪಡಿ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20 ಕಡಿಮೆ ಇರಬೇಕು, ಬೇಡಿಕೆ ಏರಿದ ಹೊತ್ತಿನ ದರ ಹೆಚ್ಚಿರಬೇಕು. 10 ಕಿಲೋವ್ಯಾಟ್ ಮೀರಿದ ಉದ್ಯಮ, ವಾಣಿಜ್ಯಕ್ಕೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಎಂದು ಗಡುವು.

ಇದರಿಂದ ಯಾರಿಗೆ ಏನು ಸಿಗಬಹುದು ಎನ್ನಲು ಮತ್ತೆ ಬ್ಯಾಡಗಿಗೆ ಹೋಗೋಣ. ಅಲ್ಲಿ ಮಾರುಕಟ್ಟೆಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ. ಸುಗ್ಗಿಯಲ್ಲಿ ದರ ಬಿದ್ದಾಗ ಚೀಲಗಳನ್ನು ಇಟ್ಟು, ಬಣ್ಣ ಕೆಡದಂತೆ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ಗೋಡೆಗೆ ದಪ್ಪ ತರ್ಮಾಕೋಲಿನಂಥ ಹೊದಿಕೆ, ನೆಲದಿಂದ ಮಾಳಿಗೆವರೆಗೆ ಚೀಲದ ಅಟ್ಟಿ. ತಂಪು ಹಿಡಿದು ನಿಲ್ಲುವುದು ಆ ಚೀಲಗಳೇ. ಬಾಗಿಲು ಮುಚ್ಚಿಟ್ಟು ಕಂಪ್ರೆಸರ್ ನಿಲ್ಲಿಸಿದರೆ ಒಳಗಿನ ಬಿಸಿ ಏರುವುದು ನಿಧಾನಕ್ಕೆ. ಅಂದರೆ ಹಗಲು ಸ್ವಲ್ಪ ಹೆಚ್ಚು ತಂಪು ಮಾಡಿ, ಸಂಜೆಯ ಮೂರು ಗಂಟೆ ಕಂಪ್ರೆಸರ್‌ಗೆ ವಿರಾಮ ಕೊಡಬಹುದು. ಒಂದು ಬ್ಯಾಟರಿಯನ್ನೂ ಕೊಳ್ಳದೆ ಆ ಕಟ್ಟಡ ಕರೆಂಟನ್ನು ಹಗಲಿನಿಂದ ಸಂಜೆಗೆ ದಾಟಿಸಿದಂತಾಯಿತು. ಎರಡು ಹೊತ್ತಿನ ದರದಲ್ಲಿ ಕೈಗೆ ಕಾಣುವಷ್ಟು ವ್ಯತ್ಯಾಸ ಇದ್ದರೆ ಮಾಲೀಕರು ತಾವಾಗಿ ಇದನ್ನು ಮಾಡುತ್ತಾರೆ. ವ್ಯತ್ಯಾಸ ನೆಪಕ್ಕೆ ಇದ್ದರೆ ಯಾವ ಭಾಷಣಕ್ಕೂ ಮಾಡುವುದಿಲ್ಲ. ಹಿಟ್ಟಿನ ಗಿರಣಿ, ಊರಿನ ಕುಡಿಯುವ ನೀರಿನ ಟ್ಯಾಂಕು, ಜಿನ್ನಿಂಗ್ ಫ್ಯಾಕ್ಟರಿಗೂ ಇದೇ ಮಾತು.

ನಿಜವಾದ ಬ್ಯಾಟರಿಗಳೂ ಬರುತ್ತಿವೆ. ದೊಡ್ಡ ಬ್ಯಾಟರಿ ಘಟಕಗಳ ಬಾಡಿಗೆ 2022ರ ಹರಾಜಿನಲ್ಲಿ ಒಂದು ಮೆಗಾವ್ಯಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿತ್ತು. 2024ರ ಕೊನೆಗೆ ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ನೀರನ್ನು ಹಗಲು ಮೇಲೆತ್ತಿ ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ಧಾರವಾಡದ ಪಕ್ಕದ ಸವದತ್ತಿಯಲ್ಲಿದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನದು ಪ್ರಸ್ತಾಪದಲ್ಲಿದೆ, ಅದಕ್ಕೆ ವಿರೋಧವೂ ಜೋರಾಗಿದೆ. ಸಂಜೆಯ ನಾಲ್ಕು ಗಂಟೆಗಾಗಿ ಪಶ್ಚಿಮ ಘಟ್ಟದ ಕಾಡನ್ನು ಮುಟ್ಟುವ ಮೊದಲು, ಬೇಡಿಕೆಯನ್ನೇ ಹಗಲಿಗೆ ಎಷ್ಟು ಸರಿಸಬಹುದು ಎಂದು ನೋಡಿ ಮುಗಿಸಿದ್ದೇವಾ? ನನಗೆ ಹಾಗೆ ಕಾಣುತ್ತಿಲ್ಲ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಅದೂ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ. ಗುಡ್ಡಕ್ಕೂ ಕಾಡಿಗೂ ಬೆಲೆ ಇದೆ ಎಂಬುದು ಗದಗಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಬದಲಿಸುವ ಮೊದಲು ಹೆಸ್ಕಾಂ ಅಲ್ಲಿ ಅರ್ಜಿ ಹಾಕಬೇಕು, ಅದು ಪತ್ರಿಕೆಯಲ್ಲಿ ಪ್ರಕಟವಾಗಬೇಕು, ಯಾವ ಗ್ರಾಹಕನಾದರೂ ಲಿಖಿತ ಆಕ್ಷೇಪಣೆ ಕೊಡಬಹುದು. ಆಮೇಲೆ ಸಾರ್ವಜನಿಕ ವಿಚಾರಣೆ. ಅಲ್ಲಿ ಎದ್ದು ‘ದರ ಏರಿಸಬೇಡಿ’ ಎಂದಷ್ಟೇ ಹೇಳಿದರೆ ಅದು ಕಡತಕ್ಕೆ ಸೇರಿ ಮುಗಿಯುತ್ತದೆ. ಅದರ ಬದಲು ಇವನ್ನು ಕೇಳಿ: ಕಳೆದ ವರ್ಷ ಓಡದೆ ನಿಂತ ಕೇಂದ್ರಗಳಿಗೆ ಕೊಟ್ಟ ಸ್ಥಿರ ವೆಚ್ಚ ಎಷ್ಟು? ಸಂಜೆ 6ರಿಂದ 10ರ ನಡುವೆ ವಿನಿಮಯ ಕೇಂದ್ರದಲ್ಲಿ ಸರಾಸರಿ ಎಷ್ಟಕ್ಕೆ ಕೊಂಡಿರಿ, ಹಗಲು 10ರಿಂದ 4ರ ನಡುವೆ ಎಷ್ಟಕ್ಕೆ ಮಾರಿದಿರಿ? ಎಷ್ಟು ಪಂಪ್‌ಸೆಟ್ ಫೀಡರು ಹಗಲಿಗೆ ಬಂದಿವೆ, ಎಷ್ಟು ಬಾಕಿ? ಸಣ್ಣ ಗಿರಣಿಗೆ, ಕೋಲ್ಡ್ ಸ್ಟೋರೇಜ್‌ಗೆ, ಮನೆಗೆ ಹಗಲಿನ ದರ ಬೇರೆ ಯಾವಾಗಿನಿಂದ?